ಜಂಕ್ಷನ್ನಿನಲ್ಲಿ ಮೂವರು ರಾಕ್ ಅಂಡ್ ರೋಲ್ ಗಾಯಕರ ಫ್ಲೆಕ್ಸ್

ಫ್ಲೆಕ್ಸ್ ಕಟ್ಟಿ ಒಂದು ಗಂಟೆ ಆಗಿರಲಿಲ್ಲ, ಆಟೋ ಸದಾನಂದಣ್ಣನ ಫೋನ್ ಬಂತು.

"ಮಾಷೆ, ಇದು ಯಾವ ಮನೆಯ ಮಕ್ಕಳು? ಮೂರೂ ಜನ ಒಟ್ಟಿಗೆ ಹೋದದ್ದಾ?"

ಕ್ಲಾಸಿನ ಬೆಲ್ ಆಗಿತ್ತು, ಸಂಜೆ ಸಭೆಗೆ ಬನ್ನಿ, ಅಲ್ಲಿ ಹೇಳ್ತೇನೆ ಎಂದು ಫೋನ್ ಇಟ್ಟೆ.

ನಾನು ಅಶ್ರಫ, ಇಲ್ಲಿನ ಶಾಲೆಯಲ್ಲಿ ಗಣಿತ ಮಾಷ್. ಗಡಿನಾಡಿನ ಮೀಂಜದ ಕಡೆಯ ನಮ್ಮ ಜಂಕ್ಷನ್ನಿನ ಪುಟ್ಟ ಗ್ರಂಥಾಲಯಕ್ಕೆ ಕಾರ್ಯದರ್ಶಿಯೂ ಹೌದು, ಬೇರೆ ಯಾರೂ ಒಪ್ಪದ ಕಾರಣ.

ತಿಂಗಳಿಗೊಂದು ಕಾರ್ಯಕ್ರಮ ಮಾಡಬೇಕು. ಈ ಸಲ ನಾನು ಆರಿಸಿದ್ದು ರಾಕ್ ಅಂಡ್ ರೋಲ್ ಸಂಗೀತದ ಮೊದಲ ದಿನಗಳಲ್ಲೇ, ಇಪ್ಪತ್ತರ ಆಸುಪಾಸಿನಲ್ಲಿ ತೀರಿಹೋದ ಮೂವರು ಗಾಯಕರ ಅನುಸ್ಮರಣೆ. ಮಾಮೂಲಿಯಾಗಿ ಐದು ಜನ ಬರುತ್ತಾರೆ. ಈ ವಿಷಯಕ್ಕೆ ಮೂವರು ಬಂದರೆ ಹೆಚ್ಚು ಅಂದುಕೊಂಡಿದ್ದೆ.

ಫ್ಲೆಕ್ಸ್ ಅಂಗಡಿಯವನಿಗೆ ವಾಟ್ಸಾಪಿನಲ್ಲಿ ಗಿಟಾರ್ ಹಿಡಿದ ಮೂವರ ಫೋಟೋ ಕಳಿಸಿ, "ತೀರಿಹೋದವರು, ಅನುಸ್ಮರಣೆ" ಅಂತ ಟೈಪ್ ಮಾಡಿದ್ದೆ. ಅವನು ದಿನಾ ಬಳಸುವ ಡಿಸೈನಿಗೇ ಹಾಕಿ ಕೊಟ್ಟ. ಕಪ್ಪು ಅಂಚು, ಒಂದು ಮೂಲೆಯಲ್ಲಿ ದೀಪ, ಮೇಲೆ ದೊಡ್ಡದಾಗಿ "ಅಕಾಲದಲ್ಲಿ ನಮ್ಮನ್ನಗಲಿದ ಪ್ರೀತಿಯ ಯುವಕರಿಗೆ ಕಣ್ಣೀರಿನ ವಿದಾಯ". ಹೆಸರುಗಳು ಕೆಳಗೆ ಸಣ್ಣ ಅಕ್ಷರದಲ್ಲಿದ್ದವು, ಕಟ್ಟುವಾಗ ಆ ಭಾಗ ಮಡಚಿ ಹೋಯಿತು.

ನಮ್ಮ ಕಡೆ ಜಂಕ್ಷನ್ನಿನಲ್ಲಿ ಕಪ್ಪು ಬಿಳುಪು ಫೋಟೋ ಕಂಡರೆ ಅರ್ಥ ಒಂದೇ. ಯಾವ ಮನೆ ಎನ್ನುವುದಷ್ಟೇ ಪ್ರಶ್ನೆ.

ಮಧ್ಯಾಹ್ನದೊಳಗೆ ವಾರ್ಡ್ ಮೆಂಬರ್ ಕಡೆಯಿಂದ ಹಾರ ಬಂತು. ನಾಲ್ಕು ಗಂಟೆಗೆ ಅಂಗಡಿಗಳು ಅರ್ಧ ಶಟರ್ ಎಳೆದವು. ಕನ್ನಡಕ ಹಾಕಿದವನನ್ನು ಉಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಕಂಡ ನೆನಪಿದೆ ಎಂದು ಒಬ್ಬರು ಹೇಳಿದರು.

ಸಭೆಗೆ ಬಂದವರು ಅರುವತ್ತಕ್ಕೂ ಹೆಚ್ಚು. ಶಾಮಿಯಾನದವರ ಕುರ್ಚಿ ತರಿಸಬೇಕಾಯಿತು.

ನಾನು ಬಾಯಿ ತೆರೆಯುವ ಮೊದಲೇ ಮೌನ ಪ್ರಾರ್ಥನೆ ಮುಗಿದಿತ್ತು. ಮೆಂಬರ್ ಮೈಕ್ ಹಿಡಿದು, ಈ ಮೂವರು ವಿದೇಶದಲ್ಲಿದ್ದರೂ ಊರನ್ನು ಮರೆತವರಲ್ಲ ಎಂದರು. ಬಳಿಕ ಎಲ್ಲ ಪಕ್ಷದವರೂ ಎರಡೆರಡು ಮಾತನಾಡಿದರು. ಗೊತ್ತಿಲ್ಲ ಎಂದು ಮಾತ್ರ ಒಬ್ಬರೂ ಹೇಳಲಿಲ್ಲ.

ನನ್ನ ಸರದಿ ಬಂದಾಗ ನಿಜ ಹೇಳಿದೆ. ಇವರು ಅಮೆರಿಕದವರು, ಹಾಡುಗಾರರು, ಸತ್ತು ಅರುವತ್ತು ವರ್ಷ ದಾಟಿದೆ.

ಕೆಲವರು ಹೊರಡಲು ಎದ್ದರು. ಆಮೇಲೆ ಸದಾನಂದಣ್ಣ ಎದ್ದು ನಿಂತ.

"ಸತ್ತದ್ದು ಹೌದಲ್ಲ?"

"ಹೌದು."

"ಮತ್ತೆಂತ ಮಾಷೆ? ನೀವು ಹೇಳಿ."

ಅಂಗಡಿ ಹೇಗೂ ಮುಚ್ಚಿಯಾಗಿತ್ತು. ಎಲ್ಲರೂ ಕುಳಿತರು.

ಅರ್ಧ ಗಂಟೆ ಮಾತನಾಡಿದೆ. ವಿಮಾನ ಬಿದ್ದು ಹೋದವರ ಬಗ್ಗೆ, ಕಾರು ಅಪಘಾತದಲ್ಲಿ ಹೋದವನ ಬಗ್ಗೆ, ಮಣ್ಣಾದ ಮೇಲೂ ಅವರ ಹೊಸ ಹಾಡು ರೇಡಿಯೋದಲ್ಲಿ ಬಂದದ್ದರ ಬಗ್ಗೆ. ಬ್ಲೂಟೂತ್ ಸ್ಪೀಕರಿನಲ್ಲಿ ಎರಡು ಹಾಡು ಕೇಳಿಸಿದೆ. ಚೆನ್ನಾಗಿಯೇ ಮಾತನಾಡಿದೆ ಅಂತ ನನಗೇ ಅನ್ನಿಸಿತು.

ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸುಂದರಿಯಕ್ಕನನ್ನು ನೋಡಿದೆ... ಜಯಂತನ ಅಮ್ಮ.

ಜಯಂತ ನಮ್ಮ ಗಾನಮೇಳ ತಂಡದ ಗಿಟಾರಿಸ್ಟ್ ಆಗಿದ್ದ, ನನ್ನದು ಕೀಬೋರ್ಡ್. ಈ ಮೂವರ ಹಾಡನ್ನು ನನಗೆ ಮೊದಲು ಕೇಳಿಸಿದವನೇ ಅವನು. ಆರು ವರ್ಷದ ಹಿಂದೆ ಒಂದು ಪ್ರೋಗ್ರಾಂ ಮುಗಿಸಿ ಬರುವಾಗ ಅವನ ಬೈಕ್ ಲಾರಿಗೆ ಹೊಡೆಯಿತು. ಹಿಂದಿನ ಸೀಟಿನಲ್ಲಿ ನಾನಿರಬೇಕಿತ್ತು. ಕೀಬೋರ್ಡ್ ಇದ್ದ ಕಾರಣ ವ್ಯಾನಿನಲ್ಲಿ ಬಂದೆ.

ಮೂರನೇ ದಿನ ಅವರ ಮನೆಗೆ ಹೋಗಿದ್ದೆ. ಆಮೇಲೆ ಹೋಗಲಿಲ್ಲ. ಅಕ್ಕ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಾರೆ, ರಸ್ತೆಯಲ್ಲಿ ಹೋಗುವವರೆಲ್ಲ ಕಾಣುತ್ತಾರೆ. ಅವರ ಎದುರು ಜೀವಂತ ನಡೆದು ಹೋಗಲು ನನಗೆ ನಾಚಿಕೆಯಾಗುತ್ತಿತ್ತು. ಸುತ್ತು ದಾರಿಯಲ್ಲಿ ಶಾಲೆಗೆ ಹೋಗತೊಡಗಿದೆ.

ಜಯಂತನಿಗೆ ನಾವು ಒಂದು ಸಭೆ ಮಾಡಲಿಲ್ಲ. ಒಂದು ಫ್ಲೆಕ್ಸ್ ಹಾಕಲಿಲ್ಲ. ಇವನು ಮಾಡುತ್ತಾನೆ ಎಂದು ಅವನು, ಅವನು ಮಾಡುತ್ತಾನೆ ಎಂದು ನಾನು. ತಂಡವೂ ಒಡೆಯಿತು.

ಸಭೆ ಮುಗಿದು ಕುರ್ಚಿ ಎಳೆಯುವ ಸದ್ದಿನ ನಡುವೆ ಅಕ್ಕ ನನ್ನ ಹತ್ತಿರ ಬಂದರು. ಮದುವೆಗೆ ಉಡುವಂಥ ಸೀರೆ ಉಟ್ಟಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಸುಲಭವಿತ್ತು.

"ಗಿಟಾರ್ ಬಾರಿಸುವ ಮಕ್ಕಳು, ಸಣ್ಣ ಪ್ರಾಯದಲ್ಲಿ ಹೋದವರು, ಅಶ್ರಫ ಸಭೆ ಮಾಡ್ತಾನೆ ಅಂತ ಬೀಡಿ ಕೊಡ್ಲಿಕ್ಕೆ ಹೋದಲ್ಲಿ ಹೇಳಿದ್ರು. ನಮ್ಮವನದ್ದೂ ಫೋಟೋ ಉಂಟು ಅಂತ ಗ್ರಹಿಸಿ ಬಂದೆ ಮಗಾ."

ಅವರು ಫ್ಲೆಕ್ಸಿನ ಕಡೆ ನೋಡಿದರು. "ಇವರ ಅಮ್ಮಂದಿರು ಉಂಟಾ ಈಗ?"

"ಇರ್ಲಿಕ್ಕಿಲ್ಲ ಅಕ್ಕ. ತುಂಬ ವರ್ಷ ಆಯ್ತು."

"ಒಳ್ಳೇದಾಯ್ತು" ಎಂದರು. ಸ್ವಲ್ಪ ತಡೆದು ಕೇಳಿದರು. "ಜಯಂತ ಸ್ಟೇಜಿನಲ್ಲಿ ಹೇಗೆ ಇರ್ತಿದ್ದ? ನೀನು ಬರ್ಬೇಡ, ನಂಗೆ ನಾಚಿಕೆ ಆಗ್ತದೆ ಅಂತಿದ್ದ. ನಾನು ಒಮ್ಮೆಯೂ ನೋಡ್ಲಿಲ್ಲ."

ಕಣ್ಣಾರೆ ಕಾಣದ ಮೂವರ ಬಗ್ಗೆ ಅರ್ಧ ಗಂಟೆ ಮಾತನಾಡಿದವನು ನಾನು.

ಸದಾನಂದಣ್ಣ ಒಂದು ಕುರ್ಚಿ ತಂದು ಅಕ್ಕನನ್ನು ಕೂರಿಸಿದ. ಹೊರಟಿದ್ದವರಲ್ಲಿ ಕೆಲವರು ಮರಳಿ ಬಂದು ಕುಳಿತರು. "ಮಾಷೆ, ಮೈಕ್ ಆಫ್ ಮಾಡ್ಲಿಲ್ಲ, ಹೇಳಿ" ಎಂದ ಸದಾನಂದಣ್ಣ.

ನಾನು ಮೈಕ್ ಮುಟ್ಟಲಿಲ್ಲ. ಅಕ್ಕನ ಎದುರು ಕುಳಿತು ಹೇಳಿದೆ. ಜಯಂತನಿಗೆ ವಿಪರೀತ ಹೆದರಿಕೆ. ಮೊದಲ ಹಾಡು ಮುಗಿಯುವವರೆಗೂ ಜನರಿಗೆ ಬೆನ್ನು ಹಾಕಿಯೇ ಬಾರಿಸುತ್ತಿದ್ದ. ಜನ ಅದನ್ನು ಸ್ಟೈಲ್ ಅಂದುಕೊಂಡು ಶಿಳ್ಳೆ ಹೊಡೆಯುತ್ತಿದ್ದರು.

ಅಕ್ಕ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರಸಿಕೊಂಡರು.

"ಮನೆಯಲ್ಲಿಯೂ ನಂಗೆ ಬೆನ್ನು ಹಾಕಿಯೇ ಬಾರಿಸ್ತಿದ್ದ" ಎಂದರು. "ನನ್ನ ಮೇಲೆ ಸಿಟ್ಟು ಅಂತ ಗ್ರಹಿಸಿದ್ದೆ."

ಆರು ವರ್ಷ, ಅದು ಬರೀ ಹೆದರಿಕೆ ಎನ್ನುವ ಈ ಒಂದು ಮಾತನ್ನು ನಾನು ಯಾರಿಗೆ ಅಂತ ಇಟ್ಟುಕೊಂಡಿದ್ದೆ?