ದೊಡ್ಡ ಡಬ್ಬಿಯ ಗುಂಡು

ಆಗೆಲ್ಲ ನಮ್ಮ ದೇವಿಕೊಪ್ಪದ ಕಡೆ ಗೋವಿನಜೋಳ ಹಾಲುಗಾಳು ಕಟ್ಟಿತೆಂದರೆ ಯಾರ ಮನೆಯಲ್ಲೂ ಸಮಾಧಾನದ ನಿದ್ದೆ ಇರುತ್ತಿರಲಿಲ್ಲ. ಅಡವಿ ದಂಡಿಗೆ ಹೊಲ ಇದ್ದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಹಂದಿಯ ಹಿಂಡು ಒಳಹೊಕ್ಕರೆ ತಿನ್ನುವುದು ಕಾಲುಪಾಲು, ಕೆಡವಿ ತುಳಿಯುವುದು ಮುಕ್ಕಾಲುಪಾಲು. ನನಗೀಗ ಐವತ್ತರ ಹತ್ತಿರ. ಮುರಿದ ಹಸಿ ದಂಟಿನ ಸಿಹಿ ವಾಸನೆ ಬಂದರೆ ಇವತ್ತಿಗೂ ಮೈ ಉರಿಯುತ್ತದೆ.

ಅಪ್ಪನ ಹತ್ತಿರ ಬೆಳೆ ಕಾಯಲೆಂದು ಲೈಸೆನ್ಸ್ ಕೊಟ್ಟ ಒಂಟಿ ನಳಿಗೆಯ ಬಂದೂಕಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ ಜಡಿಯುವಂಥದ್ದು. ಗುಂಡನ್ನೂ ಅವನೇ ಎರೆಯುತ್ತಿದ್ದ. ಹಿತ್ತಲಲ್ಲಿ ಸೀಸ ಕರಗುವಾಗ ಏಳುವ ಹೊಗೆಗೆ ಅವ್ವ ಮೂಗಿಗೆ ಸೆರಗು ಹಿಡಿದು, ರೊಟ್ಟಿಯೆಲ್ಲ ಅದೇ ನಾರುತ್ತದೆಂದು ಬೈಯುತ್ತಿದ್ದಳು. ಒಂದೇ ಅಚ್ಚಿನ ಗುಂಡಾದರೂ ಕೆಲವಕ್ಕೆ ಒಳಗೆ ಗಾಳಿ ಕೂತು ತೂಕ ಕಡಿಮೆ ಬೀಳುತ್ತಿತ್ತು. ನೋಡಿದರೆ ಗೊತ್ತಾಗದು. ಅದಕ್ಕೇ ಅಪ್ಪ ಅಕ್ಕಸಾಲಿಗರ ಸಣ್ಣ ತಕ್ಕಡಿಯಲ್ಲಿ ಗುಲಗಂಜಿ ಹಾಕಿ ಒಂದೊಂದನ್ನೇ ತೂಗುತ್ತಿದ್ದ. ಭಾರದವು ದೊಡ್ಡ ಡಬ್ಬಿಗೆ, ಹಂದಿಗಾಗಿ. ಹಗುರದವು ಸಣ್ಣ ಡಬ್ಬಿಗೆ, ನರಿ ಬೆದರಿಸಲು. ಎರಡೂ ಡಬ್ಬಿ ಕಾಯುವವಳು ನಾನು. ಹತ್ತು ವರ್ಷದವಳಿಗೆ ಅದೇನು ಸೊಕ್ಕು ಅಂತೀರಿ!

ಹಂದಿಗೆ ಸಣ್ಣ ಡಬ್ಬಿ ಮುಟ್ಟಬಾರದು, ಬೇವಿನ ಗಿಡದ ಆಚೆ ನಿಂತದ್ದಕ್ಕೆ ಗುಂಡು ಹಾರಿಸಬಾರದು. ಇವೆರಡು ಅಪ್ಪನ ಕಟ್ಟಪ್ಪಣೆ. "ಹಗೂರ ಗುಂಡ ದೂರ ಮುಟ್ಟತೈತಿ, ಒಳಗ ಇಳಿಯೂದಿಲ್ಲ. ಗಾಯಾದ ಹಂದಿ ಅಂದ್ರ ಯಮ," ಅನ್ನುತ್ತಿದ್ದ.

ಅಪ್ಪನ ತಮ್ಮ ಈರಪ್ಪ ಕಾಕಾಗೆ ಆಗ ಇಪ್ಪತ್ತು. ಮಿಲಿಟರಿಗೆ ಸೇರುವ ಹುಚ್ಚು. ಮುಂದಿನ ತಿಂಗಳು ಧಾರವಾಡದಲ್ಲಿ ಭರ್ತಿ ಇತ್ತು. ದಿನಾ ನಸುಕಿನಲ್ಲಿ ದುಮ್ಮವಾಡದ ಹಾದಿಗೆ ಓಡಿ, ಬೆವರು ಸುರಿಸುತ್ತ ಬಂದು ಒಂದು ತಂಬಿಗೆ ಮಜ್ಜಿಗೆ ಒಂದೇ ಗುಟುಕಿಗೆ ಕುಡಿಯುತ್ತಿದ್ದ. ಅವನ ಕಾಲಿನ ಮೇಲೆ ಮನೆಯವರೆಲ್ಲ ಕನಸು ಕಟ್ಟಿದ್ದೆವು.

ಅಂಥವನು ಒಂದು ದಿನ ಬೇವಿನ ಗಿಡದಾಚೆ ನಿಂತ ಹಂದಿಗೆ ಹೊಡೆದ. ಭಾರದ ಗುಂಡು ನಡುವೆಯೇ ನೆಲ ಕಚ್ಚಿತು. ಅಪ್ಪ, ತನ್ನ ಮಾತು ಮೀರಿದ್ದಕ್ಕೆ, ಆಳುಗಳ ಮುಂದೆಯೇ ಅವನ ಕಪಾಳಕ್ಕೆ ಬಾರಿಸಿ, ಬಾಜು ನಿಂತ ಎಮ್ಮೆಗೂ ಗುರಿ ಇಡಲಾರದವ ಮಿಲಿಟರಿಗೆ ಹೊಂಟಾನಂತೆ ಎಂದು ನಕ್ಕ. ಕಾಕಾ ಆ ದಿನ ಉಣ್ಣಲಿಲ್ಲ. ನನಗೂ ಅಪ್ಪನ ಮೇಲೆ ಸಿಟ್ಟು ನೆತ್ತಿಗೇರಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಪ್ಪ ಹೊಲದ ಆ ತುದಿಯಲ್ಲಿ ಡಬ್ಬ ಬಡಿಯುತ್ತಿದ್ದ. ಕಾಕಾ, ನಾನು ಹೊಲ ಕಾಯುವ ಅಟ್ಟದ ಮೇಲೆ. ಒಂಟಿ ಗಂಡುಹಂದಿ ಒಂದು ಬೇವಿನ ಗಿಡ ದಾಟಿ ಹಳ್ಳದ ಬದುವಿನಲ್ಲಿ ನಿಂತಿತು. ಕಾಕಾ ಕೈ ಚಾಚಿದ. ನಾನು ಸಣ್ಣ ಡಬ್ಬಿ ತೆಗೆದು ಅದರಲ್ಲಿನ ಗುಂಡು ಕೊಟ್ಟೆ. ದೂರ ಮುಟ್ಟಲಿ, ಅಪ್ಪ ನೋಡಲಿ ಎಂದು. ಕಾಕಾ ಅದನ್ನು ಅಂಗೈಯಲ್ಲಿ ಒಮ್ಮೆ ಕುಣಿಸಿ, ನನ್ನ ಮುಖ ನೋಡಿ, ತುಂಬಿದ.

ಗುಂಡು ಮುಟ್ಟಿತು. ಹಂದಿ ಉರುಳಿತು, ಎದ್ದಿತು, ಹಳ್ಳದ ಮುಳ್ಳುಕಂಟಿಯೊಳಗೆ ಹೊಕ್ಕಿತು. ನಾನು ಚಪ್ಪಾಳೆ ತಟ್ಟಿದೆ, ನನ್ನ ಕೈ ಸೇದಿಹೋಗಲಿ.

ಗಾಯ ಮಾಡಿದವನೇ ಬೆನ್ನುಹತ್ತಿ ಮುಗಿಸಬೇಕೆಂಬುದು ನಮ್ಮಲ್ಲಿಯ ರೂಢಿ. ಇಲ್ಲದಿದ್ದರೆ ಅದು ಹುಲ್ಲಿಗೆ ಹೋದ ಹೆಂಗಸರ ಮೇಲೆ ಬೀಳುತ್ತದೆ. ಮತ್ತೆ ಮದ್ದು ಜಡಿಯುವಷ್ಟು ತಡೆಯದೆ ಕಾಕಾ ಅಟ್ಟದಲ್ಲಿದ್ದ ಕೊಡಲಿ ಎತ್ತಿಕೊಂಡು ರಕ್ತದ ಜಾಡು ಹಿಡಿದ. ಮುಂದೆ ನಮ್ಮ ನಾಯಿ ಕರಿಯಾ, ಹಿಂದೆ ನಾನು. ಅಪ್ಪ ದೂರದಿಂದ ನಿಲ್ಲೆಂದು ಕೂಗುತ್ತ ಓಡಿಬರುತ್ತಿದ್ದ. ಅಷ್ಟರಲ್ಲಿ ಕಂಟಿ ಸೀಳಿಕೊಂಡು ಹಂದಿ ಬಂತು. ಕರಿಯಾನ ಹೊಟ್ಟೆಗೆ ಕೋರೆ ಹಾಕಿ ಎತ್ತಿ ಒಗೆಯಿತು. ಕರುಳು ಜಾಲಿ ಮುಳ್ಳಿಗೆ ಸಿಕ್ಕಿಕೊಂಡಿತು. ಕಾಕಾ ಕೊಡಲಿ ಎತ್ತುವುದರೊಳಗೆ ಅವನ ಬಲದೊಡೆಯನ್ನು ಮೊಣಕಾಲಿನಿಂದ ಮೇಲಕ್ಕೆ ಸೀಳಿತು. ಹೊಸ ಖಾದಿ ಅರಿವೆ ಹರಿದ ಸಪ್ಪಳ. ಬಿಳಿ ಎಲುಬು ಕಂಡೆ, ಆಮೇಲೆ ಬರೀ ಕೆಂಪು.

ಅಪ್ಪ ಬಂದು, ಕೆಳಗೆ ಬಿದ್ದಿದ್ದ ಕೊಡಲಿ ಎತ್ತಿಕೊಂಡ. ಹಂದಿ ಸತ್ತ ಮೇಲೂ ಹೊಡೆಯುತ್ತಲೇ ಇದ್ದ. ಅದಕ್ಕೆ ಮುಖ ಎಂಬುದು ಉಳಿಯಲಿಲ್ಲ. ಆಳುಗಳು ಅವನನ್ನು ಎಳೆದು ನಿಲ್ಲಿಸಿ, ಕಾಕಾನನ್ನು ಟ್ರ್ಯಾಕ್ಟರಿನಲ್ಲಿ ಕಲಘಟಗಿಗೆ ಒಯ್ದರು.

ಕಾಲು ಉಳಿಯಿತು, ಓಟ ಹೋಯಿತು. ಭರ್ತಿಯ ದಿನ ಕಾಕಾ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ.

ಹಂದಿ ಕೊಯ್ದಾಗ ಗುಂಡು ಹೆಗಲ ತೊಗಲಿನಡಿಯೇ ಚಪ್ಪಟೆಯಾಗಿ ಸಿಕ್ಕಿತ್ತು. ಅಪ್ಪ ಅದನ್ನು ತೂಗಿದ, ಹಗುರ ಇತ್ತು. ನನ್ನನ್ನು ಕರೆದ.

"ಯಾವ ಡಬ್ಬೀದ ಕೊಟ್ಟಿ?"

"ದೊಡ್ಡ ಡಬ್ಬೀದಪಾ."

ಹೊಡೆದಿದ್ದರೆ ಖರೆ ಹೇಳಿಬಿಡುತ್ತಿದ್ದೆನೋ ಏನೋ. ಅಪ್ಪ ಹೊಡೆಯಲಿಲ್ಲ. ದೊಡ್ಡ ಡಬ್ಬಿ ಸುರುವಿಕೊಂಡು ಸಂಜೆತನಕ ಪ್ರತಿಯೊಂದು ಗುಂಡನ್ನೂ ಮತ್ತೆ ತೂಗಿದ. ಎಲ್ಲ ಸರಿ ಇದ್ದವು. ಆದರೂ ಆ ಒಂದನ್ನು ತಾನೇ ತಪ್ಪು ತೂಗಿ ತಪ್ಪು ಡಬ್ಬಿಗೆ ಹಾಕಿದೆನೆಂದು ನಂಬಿಬಿಟ್ಟ. ಆ ವಾರವೇ ಬಂದೂಕು ಠಾಣೆಗೆ ಒಪ್ಪಿಸಿದ. ಆಮೇಲೆ ಅಪ್ಪ ಕಾಕಾನ ಮೇಲೆ ಎಂದೂ ದನಿ ಏರಿಸಲಿಲ್ಲ.

ಹೋದ ವರ್ಷ ಹಾಸಿಗೆ ಹಿಡಿದಾಗ ಅಪ್ಪ ಕಾಕಾನನ್ನು ಬಾಜು ಕೂರಿಸಿಕೊಂಡು, ಕೈ ಆ ದೊಡೆಯ ಮೇಲಿಟ್ಟ. "ನನ್ನ ತೂಕ ತಪ್ಪಿತ್ತೋ ಈರ್ಯಾ. ನಿನ್ನ ಕಾಲ ನಾನ ತಿಂದೆ," ಅಂದ. ನಾನು ಕಾಲ ಕಡೆ ನಿಂತಿದ್ದೆ. ಬಗ್ಗಿ ಅಪ್ಪನ ಹೊದಿಕೆ ಸರಿಮಾಡಿದೆ. ಎರಡು ದಿನಕ್ಕೆ ಅಪ್ಪ ಹೋದ.

ಮಣ್ಣು ಮಾಡಿ ಬಂದ ಮೇಲೆ ಕಟ್ಟೆಯ ಮೇಲೆ ಕೂತು ಕಾಕಾಗೆ ಎಲ್ಲ ಹೇಳಿದೆ. ಅವನು ದೊಡೆ ಸವರಿಕೊಂಡ.

"ಗೊತ್ತಿತ್ತವಾ. ಅಂಗೈಯಾಗ ಕುಣಿಸಿದಾಗ ತಿಳೀತು."

"ತಿಳದೂ ಯಾಕ ತುಂಬಿದಿ?"

"ಅಣ್ಣನ ಮುಂದ ದೂರದ್ದು ಹೊಡೀಬೇಕಿತ್ತು."

"ಮತ್ತ ಅಪ್ಪಗ ಯಾಕ ಹೇಳಲಿಲ್ಲ ಕಾಕಾ?"

"ನೀ ಯಾಕ ಹೇಳಲಿಲ್ಲ?"

ಈಗ ಹೊಲದ ಸುತ್ತ ಸೋಲಾರ್ ತಂತಿ ಬಂದಿದೆ. ಹಂದಿಗಳು ಅದರಡಿಯೂ ನುಸುಳುತ್ತವೆ. ಬೇವಿನ ಗಿಡ ಗಾಳಿಗೆ ಬಿತ್ತು, ಅಟ್ಟ ಇಲ್ಲ, ಬಂದೂಕಿಲ್ಲ. ತಕ್ಕಡಿ ಮಾತ್ರ ನನ್ನ ಟ್ರಂಕಿನಲ್ಲಿದೆ. ಅಪ್ಪ ತೂಗಿದ್ದು ಒಂದೂ ತಪ್ಪಿರಲಿಲ್ಲ. ಹಾಗೆಂದು ಹೇಳಬೇಕಾದ ನಾವಿಬ್ಬರೂ ಇದ್ದೇವೆ. ಕೇಳಬೇಕಾದವನು ಇಲ್ಲ.