ಡಾಕ್ಟರಿಗೆ ಅರ್ಧ ಕಟಿಂಗ್

ನನಗೆ ಸಿಟ್ಟು ಮೂಗಿನ ತುದೀಲೇ ಇರುತ್ತೆ, ಮೊದಲೇ ಹೇಳಿಬಿಡ್ತೀನಿ. ನನ್ನ ಸೊಸೆ ಸುದ್ದಿಗೆ ಯಾರಾದರೂ ಬಂದರಂತೂ ಅಲ್ಲೂ ನಿಲ್ಲಲ್ಲ. ಅವಳು ಕಟಿಂಗ್ ಮಾಡೋಳು. ನಮ್ಮ ಯಜಮಾನರ ಹಿಂದೆ ನಿಂತು ಕೆಲಸ ಕಲಿತಳು. ಅವರ ಕಣ್ಣು ಮಂಜಾದ ಮೇಲೆ ಅಂಗಡಿ, ಕುರ್ಚಿ, ಕನ್ನಡಿ ಎಲ್ಲಾ ಅವಳದೇ. ನನ್ನ ಮಗನಿಗೆ ಗಾರೆ ಕೆಲಸ, ಅವನ ಕೈಗೆ ಕತ್ತರಿ ಕೊಟ್ಟರೆ ಗಿರಾಕಿ ಕಿವಿ ಉಳಿಯಲ್ಲ. ಇವಳು ಕತ್ತರಿ ಹಿಡಿದರೆ ಕೂತವರು ಕೂತಲ್ಲೇ ತೂಕಡಿಸೋರು, ಅಷ್ಟು ಹಗುರ ಕೈ. ನಾನು ತಲೆ ತೊಳೆಯೋದು, ಕೂದಲು ಗುಡಿಸೋದು, ಅವಸರ ಮಾಡೋ ಗಿರಾಕಿಗಳ ಜೊತೆ ಜಗಳ ಆಡೋದು.

ಆ ಕೈಗೇ ಏನೋ ಆಯ್ತು. ಕೂದಲಿಗೆ ಕತ್ತರಿ ಇಟ್ಟ ಸ್ವಲ್ಪ ಹೊತ್ತಿಗೆ ಬಲಗೈ ಬೆರಳುಗಳು ಒಳಕ್ಕೆ ಸುರುಟಿಕೊಳ್ಳೋವು, ಮಣಿಕಟ್ಟು ತಿರುಚಿಕೊಳ್ಳೋದು, ಕತ್ತರಿ ಟಣ್ ಅಂತ ನೆಲಕ್ಕೆ! ಕತ್ತರಿ ಬಿಟ್ಟರೆ ಕೈ ಸರಿ. ನೀರಿನ ಬಕೆಟ್ ಎತ್ತಲಿ, ಬಟ್ಟೆ ಹಿಂಡಲಿ, ಸೂಜಿಗೆ ದಾರ ಪೋಣಿಸಲಿ, ಏನೂ ಇಲ್ಲ. ಇದೆಂಥಾ ಕಾಯಿಲೆ ಸ್ವಾಮಿ, ಕೆಲಸ ನೋಡಿಕೊಂಡು ಬರೋದು? ತಲೆ ಸ್ಕ್ಯಾನ್ ಮಾಡಿಸಿದರು, ಕತ್ತು ಸ್ಕ್ಯಾನ್ ಮಾಡಿಸಿದರು, ಕೈಗೆ ಕರೆಂಟ್ ಕೊಟ್ಟು ನೋಡಿದರು. ಎಲ್ಲಾ ಚೊಕ್ಕ. ಒಬ್ಬ ಡಾಕ್ಟರಂತೂ, "ಮನೇಲಿ ಅತ್ತೆ ಕಾಟ ಏನಾದ್ರೂ ಇದೆಯಾ?" ಅಂತ ನನ್ನ ಮುಂದೆಯೇ ಕೇಳಿದರು. ಮೈಯೆಲ್ಲಾ ಉರಿದುಹೋಯ್ತು ನನಗೆ!

ಎದುರುಗಡೆ ಸೈಕಲ್ ರಿಪೇರಿಯವನದು ಇನ್ನೊಂದು ಉಪದ್ರವ. "ಏನಂತೆ ಕಾಯಿಲೆ?" ಅಂತ ದಿನಾ ಕೇಳೋನು. ಗೊತ್ತಾಗ್ತಿಲ್ವಂತೆ ಅಂದರೆ, "ಹಾಗಾದ್ರೆ ಏನೂ ಇಲ್ಲ ಬಿಡಿ," ಅಂತ ಹಲ್ಲು ಕಿರಿಯೋನು. ಸೊಸೆ ತಲೆ ತಗ್ಗಿಸಿ ಒಳಗೆ ಹೋಗೋಳು.

ಅಂತೂ ಇಂತೂ ದೊಡ್ಡಾಸ್ಪತ್ರೆಯ ನರದ ಡಾಕ್ಟರು ಬನ್ನಿ ಅಂದರು. ಹೋಗೋ ಮುಂಚಿನ ದಿನ ಸೊಸೆ ಕುರ್ಚಿ ಒರೆಸ್ತಾ ಹೇಳಿದಳು: "ಅತ್ತೆ, ನಾಳೆ ಅವರ ಮುಂದೆ ಇದು ಬರದಿದ್ರೆ ಇನ್ನು ಯಾರ ಹತ್ರಾನೂ ಹೋಗಲ್ಲ. ನಾನೇ ನಾಟಕ ಆಡ್ತಿದೀನೇನೋ ಅಂತ ನನಗೇ ಅನ್ನಿಸೋಕೆ ಶುರುವಾಗಿದೆ."

ತನ್ನನ್ನೇ ನಂಬದೆ ಹೋದರೆ ಈ ಹುಡುಗಿ ಗತಿ ಏನು? "ಬರುತ್ತೆ ಕಣೇ! ಬರದೆ ಎಲ್ಲಿಗೆ ಹೋಗುತ್ತೆ? ಈಗಲೇ ಪ್ರಾಕ್ಟೀಸ್ ಮಾಡೋಣ," ಅಂದವಳೇ ಕುರ್ಚಿ ಮೇಲೆ ಕೂತೆ. ಕಚಕಚ ಕತ್ತರಿ ಆಡ್ತು, ಕೈ ತಿರುಚಿಕೊಳ್ತು, ನಾವಿಬ್ಬರೂ ಚಪ್ಪಾಳೆ ತಟ್ಟಿದ್ವಿ. ಇನ್ನೊಂದು ಸಲ ನೋಡೋಣ ಅಂತ ಮಗನನ್ನ ಕೂರಿಸಿದ್ವಿ. ಅವನ ಕೂದಲಿಗೂ ಅವಳ ಕೈ ತಿರುಚಿಕೊಳ್ತು! ಕೈ ತಿರುಚಿದ ಕಡೆಯೆಲ್ಲಾ ಕೂದಲು ಅಡ್ಡಾದಿಡ್ಡಿ ಆಗಿತ್ತಲ್ಲ, ಅದನ್ನ ಸಮ ಮಾಡೋಕೆ ನಾನು ಮಷೀನು ಓಡಿಸಿದೆ. ಸಮ ಮಾಡ್ತಾ ಮಾಡ್ತಾ ಇಬ್ಬರ ತಲೇನೂ ನುಣ್ಣಗಾಯ್ತು. ಯಜಮಾನರದು ಮೊದಲಿಂದಲೂ ಬೋಳು.

ಮಾರನೇ ದಿನ ನಾನು, ಸೊಸೆ, ಮಗ ಮೂವರೂ ಹೋದ್ವಿ. ಡಾಕ್ಟರು ಕಾಲರ್ ಮುಟ್ಟೋ ಗುಂಗುರು ಕೂದಲಿನ ಮನುಷ್ಯ. ಮೂಗು ಮುಟ್ಟಿ ಅಂದರು, ಬೆರಳು ಹಿಡೀರಿ ಅಂದರು, ಕತ್ತರಿ ಕೊಟ್ಟು ಕಾಗದ ಕತ್ತರಿಸಿ ಅಂದರು. ಕಾಗದ ನೆಟ್ಟಗೆ ಕತ್ತರಿಸಿಟ್ಟಳು ಮಹರಾಯ್ತಿ! ಮುಖ ಮಾತ್ರ ಬಾಡಿಹೋಯ್ತು.

"ಕೂದಲಿಗೆ ಮಾತ್ರ ಬರೋದಾದ್ರೆ ಕೂದಲೇ ಕತ್ತರಿಸಿ. ಅಮ್ಮನವರದ್ದು..." ಅಂತ ಡಾಕ್ಟರು ನನ್ನ ಕಡೆ ತಿರುಗಿದರು.

ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಮಗ ಟೋಪಿ ತೆಗೆದ.

"ಏನಾಯ್ತು ನಿಮ್ಮಿಬ್ಬರಿಗೆ?"

"ನಿನ್ನೆ ಪ್ರಾಕ್ಟೀಸ್ ಮಾಡಿದ್ವಿ ಸ್ವಾಮಿ."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಒಂದು ಹಿಡಿ ಕೂದಲಾದರೂ ಉಳಿಸ್ಕೋಬಾರದಿತ್ತಾ? ಸೊಸೆ ಚೀಲ ಎತ್ತಿಕೊಂಡು, "ಬನ್ನಿ ಅತ್ತೆ, ಹೋಗೋಣ," ಅಂದಳು. ಆ ದನಿ ಕೇಳಿ ನನಗೆ ಎಲ್ಲಿತ್ತೋ ಧೈರ್ಯ. "ಡಾಕ್ಟ್ರೇ, ನಿಮ್ಮ ತಲೆ ಕೊಡಿ!"

ಮಗ ನನ್ನ ತೋಳು ಚಿವುಟಿದ. ಡಾಕ್ಟರು ಒಂದು ಸಲ ತಮ್ಮ ಗುಂಗುರು ಸವರಿಕೊಂಡರು. ಆಮೇಲೆ ಮಂಚದ ಮೇಲಿನ ಹಾಸು ಎಳೆದು ಕತ್ತಿಗೆ ಸುತ್ತಿಕೊಂಡು, ಕನ್ನಡಕ ತೆಗೆದಿಟ್ಟು ಕೂತೇಬಿಟ್ಟರು. ಪುಣ್ಯಾತ್ಮ! ಸೊಸೆ ಚೀಲದಿಂದ ತನ್ನ ಕತ್ತರಿ ತೆಗೆದಳು.

ಕಚ್ ಕಚ್ ಕಚ್. ಎಡಗಡೆ ಮುಗೀತಾ ಬಂತು. ಕೈಗೆ ಏನೂ ಆಗಲಿಲ್ಲ! ಬೆಣ್ಣೆ ತರ ಓಡ್ತಿದೆ ಕತ್ತರಿ! ಬಾರೋ ಹಾಳಾದವನೇ, ನಿನ್ನೆ ಕರೆಯೋ ಮುಂಚೆ ಬಂದೆ, ಈಗ ಎಲ್ಲಿ ಸತ್ತೆ ಅಂತ ಕಾಯಿಲೆನ ಮನಸ್ಸಲ್ಲೇ ಬೈದೆ. ಹಿಂದಲೆ ಹತ್ತಿರ ಬಂದಳು. ತೋರುಬೆರಳು ಸ್ವಲ್ಪ ಮಡಚಿಕೊಂಡ ಹಾಗಾಯ್ತು. ಹೆಬ್ಬೆರಳು ಒಳಕ್ಕೆ ಹೋಯ್ತು, ಮಣಿಕಟ್ಟು ತಿರುಗ್ತು, ಟಣ್!

"ಬಂತು! ಬಂತು!" ಅಂತ ಕುಣಿದುಬಿಟ್ಟೆ. ಹೊರಗಿಂದ ನರ್ಸು ಓಡಿಬಂದಳು. ಡಾಕ್ಟರು ಹಾಸಿನ ಸಮೇತ ಎದ್ದು ಅವಳ ಕೈ ಹಿಡಿದು, ಬೆರಳು ಒಂದೊಂದಾಗಿ ಮುಟ್ಟಿ ನೋಡಿದರು. ತಮ್ಮ ಕೂದಲಿಗೇ ಇನ್ನೊಂದು ಸಲ ಕತ್ತರಿ ಇಡಿಸಿದರು, ಇನ್ನೊಂದು ಸಲ ಬಂತು.

"ಇದರ ಹೆಸರು ಈಗಲೇ ಹೇಳಲ್ಲ ತಾಯಿ, ಇನ್ನೂ ಪರೀಕ್ಷೆಗಳಿವೆ. ವಾಸಿ ಆಗುತ್ತೆ ಅಂತಲೂ ಹೇಳಲ್ಲ," ಅಂದರು. "ಆದ್ರೆ ಕಣ್ಣಾರೆ ನೋಡಿದೆ. ಇದು ನೀವು ಬೇಕಂತ ಮಾಡ್ತಿರೋದಲ್ಲ."

ಸೊಸೆ ಅವರ ಗುಂಗುರು ಕೂದಲ ಮಧ್ಯೆಯೇ ನೆಲದ ಮೇಲೆ ಕೂತು ಜೋರಾಗಿ ಅತ್ತಳು. ನನಗೂ ಅಳು, ನಗು ಎರಡೂ ಒಟ್ಟಿಗೇ ಬಂತು. ಉಳಿದರ್ಧ ನಾನು ಸಮ ಮಾಡ್ತೀನಿ ಅಂತ ಮುಂದೆ ಬಂದೆ. ಡಾಕ್ಟರು ನನ್ನ ತಲೆ ನೋಡಿ, "ಬೇಡಮ್ಮ, ಬೇಡ ಬೇಡ," ಅಂತ ಎರಡು ಕೈಯಲ್ಲೂ ತಲೆ ಮುಚ್ಚಿಕೊಂಡರು.

ವಾಪಸ್ ಬಂದು ಅಂಗಡಿ ಬೀಗ ತೆಗೀತಿದ್ವಿ. ಸೈಕಲಿನವನು ಪಂಪು ಹಿಡಿದು ನಿಂತೇ ಇದ್ದ. "ಏನಂತೆ ಕಾಯಿಲೆ?"

ನಾನು ಸೆರಗು ಸಿಕ್ಕಿಸಿಕೊಂಡು ಬಾಯಿ ತೆರೆಯೋಷ್ಟರಲ್ಲಿ ಸೊಸೆ ನನ್ನ ಕೈ ಹಿಡಿದಳು. ಈ ಸಲ ತಲೆ ತಗ್ಗಿಸಲಿಲ್ಲ.

"ಹೆಸರು ಇನ್ನೂ ಗೊತ್ತಾಗಿಲ್ಲಣ್ಣ," ಅಂದಳು. "ಆದ್ರೆ ಇದೆ."