ದೇವರ ಕಂಬಳಿ ಕಾಯ್ದ ದನಿ

ನನ್ನ ಮೊಮ್ಮಗಳು ಗಂಗಾಳ ಉಸಿರು ಮೊದಲ ಬಾರಿಗೆ ಸಿಕ್ಕಿಕೊಂಡದ್ದು ಕಳೆದ ವರ್ಷದ ಶ್ರಾವಣದಲ್ಲಿ, ಜಿಟಿಜಿಟಿ ಮಳೆ ಹಿಡಿದ ಒಂದು ಸೋಮವಾರ, ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಬರುವ ಸಂಜೆಯ ಬಸ್ಸಿನಲ್ಲಿ. ನಾನು ಕೊಡೆ ಹಿಡಿದು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಎಲ್ಲರೂ ಇಳಿದರು, ಅವಳು ಇಳಿಯಲಿಲ್ಲ. ಕಂಡಕ್ಟರು ಬಾಗಿಲಿನಿಂದ ಕೂಗಿದ: "ಯಜಮಾನ್ರ, ಲಗೂ ಬರ್ರಿ. ನಿಮ್ಮ ಹುಡುಗಿ ಏಳವಲ್ಲಳು. ತುಟಿ ನೀಲಿ ಆಗ್ಯಾವ ನೋಡ್ರಿ."

ಅವಳು ಮುಂದಿನ ಸೀಟಿನ ಸರಳನ್ನು ಎರಡೂ ಕೈಗಳಿಂದ ಹಿಡಿದು ಬಾಗಿ ಕುಳಿತಿದ್ದಳು. ಒಂದೊಂದು ಉಸಿರಿಗೂ ಎದೆಯೊಳಗಿನಿಂದ ಸೀಟಿ ಊದಿದಂಥ ಸದ್ದು ಬರುತ್ತಿತ್ತು. "ಅಜ್ಜಾ" ಎನ್ನಲು ಹೋದಳು. ಮೊದಲ ಅಕ್ಷರವಷ್ಟೇ ಹೊರಟಿತು. ಅಂದು ನನ್ನ ಮೈಯನ್ನು ಹೊಕ್ಕ ಭಯ ಮೂರು ತಿಂಗಳು ಬಿಡಲಿಲ್ಲ.

ಮೈಲಾರಲಿಂಗನ ಒಕ್ಕಲಿನ ಬಂಧುಗಳೇ, ಶಾಸನಗಳ ಕಾಲನಿರ್ಣಯದಲ್ಲಿ ವೃತ್ತಿಜೀವನವನ್ನು ಕಳೆದು ನಿವೃತ್ತನಾದವನು ನಾನು. ಸಾಕ್ಷ್ಯವಿಲ್ಲದ ಮಾತನ್ನು ಬರೆಯುವ ರೂಢಿ ನನಗಿಲ್ಲ. ಆದ್ದರಿಂದ ಇಲ್ಲಿ ಹೇಳುವ ವಾರ, ತಿಂಗಳುಗಳನ್ನು ನನ್ನ ಪತ್ನಿ ಶಾಂತವ್ವಳ ನೆನಪಿನೊಡನೆಯೂ ಆಸ್ಪತ್ರೆಯ ಚೀಟಿಗಳೊಡನೆಯೂ ತಾಳೆ ನೋಡಿದ್ದೇನೆ. ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರ ನೆನಪುಗಳು ಬೇರೆಯಾದವು. ಅದು ಬಂದಲ್ಲಿ ಹೇಳುತ್ತೇನೆ.

ಗಂಗಾ ನನ್ನ ಮಗಳ ಮಗಳು. ಮನೆದೇವರ ಮಡದಿ ಗಂಗಿಮಾಳವ್ವನ ಹೆಸರನ್ನೇ ಇಟ್ಟಿದ್ದೇವೆ. ತಂದೆತಾಯಿ ಹೊಸಹಳ್ಳಿಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಾರೆ. ಪದವಿ ಮುಗಿಸಿ ಎರಡು ವರ್ಷ ಕೆಲಸವಿಲ್ಲದೆ ಕುಳಿತಿದ್ದ ಹುಡುಗಿ ಇದು. ಹಗರಿಬೊಮ್ಮನಹಳ್ಳಿಯಲ್ಲಿ ವಿಡಿಯೊ ಮತ್ತು ಧ್ವನಿ ತಯಾರಿಕೆಯ ತರಬೇತಿ ಕೇಂದ್ರವೊಂದು ಆರಂಭವಾದಾಗ ಕೊಟ್ಟೂರಿನ ನಮ್ಮ ಮನೆಗೆ ಬಂದು ನಿಂತಳು. ಅದು ಬರಿಯ ಪಾಠದ ತರಗತಿಯಾಗಿರಲಿಲ್ಲ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯ ಹುಡುಗ ಹುಡುಗಿಯರು ಅರ್ಧ ದಿನ ಕಲಿತು, ಉಳಿದರ್ಧ ದಿನ ನಿಜವಾದ ಗಿರಾಕಿಗಳಿಗಾಗಿ ದುಡಿಯುತ್ತಿದ್ದರು. ಬೀಜದ ಅಂಗಡಿಗೆ, ಹಾಲಿನ ಡೇರಿಗೆ, ಸೀರೆ ವ್ಯಾಪಾರಿಗೆ ಸಣ್ಣ ಸಣ್ಣ ವಿಡಿಯೊಗಳನ್ನು ಮಾಡಿಕೊಡುತ್ತಿದ್ದರು. ವರ್ಷ ಪೂರೈಸಿದವರಿಗೆ ಕೆಲಸ. ಗಂಗಾಳ ಪಾಲಿಗೆ ಬಂದದ್ದು ಧ್ವನಿ ಕೊಡುವ ಕೆಲಸ. ನಮ್ಮ ಸೀಮೆಯ ಮಾತನ್ನು ಅವಳಷ್ಟು ಸ್ವಚ್ಛವಾಗಿ ಆಡುವವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಹರಪನಹಳ್ಳಿಯ ಸಂಸ್ಥೆಯೊಂದು, ತರಬೇತಿ ಮುಗಿದ ಕೂಡಲೇ ಸೇರಿಸಿಕೊಳ್ಳುವುದಾಗಿ ಅವಳಿಗೆ ಮಾತು ಕೊಟ್ಟಿತ್ತು.

ಧ್ವನಿಮುದ್ರಣದ ಕೋಣೆಯ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕೇಂದ್ರವಿದ್ದದ್ದು ಹಳೆಯ ಶೇಂಗಾ ಗೋದಾಮಿನಲ್ಲಿ. ಮಾತಾಡಿದರೆ ಮಾರ್ದನಿ, ಹೊರಗೆ ಬಸ್ಸುಗಳ ಹಾರ್ನು. ಒಳಗಿನ ಸಣ್ಣ ಕೋಣೆಯ ಕಿಟಕಿಗಳನ್ನು ಮುಚ್ಚಿ, ಗೋಡೆಗಳಿಗೆ ದಪ್ಪನೆಯದೇನಾದರೂ ತೂಗುಹಾಕಬೇಕೆಂದು ತರಬೇತುದಾರ ಪ್ರವೀಣ ಹೇಳಿದಾಗ, ಈ ಸೀಮೆಯ ಮಕ್ಕಳಿಗೆ ಹೊಳೆದದ್ದು ಒಂದೇ: ಕರಿಕಂಬಳಿ. ಎಲ್ಲರ ಮನೆಯಿಂದಲೂ ಕಂಬಳಿಗಳು ಬಂದವು. ಶಾಂತವ್ವ ಹೊಸ ಕಂಬಳಿಗಳ ಜೊತೆಗೆ, ಮೈಲಾರಲಿಂಗನ ಗದ್ದುಗೆಗೆ ನಾವು ಹಾಸುತ್ತಿದ್ದ ದೇವರ ಕಂಬಳಿಯನ್ನೂ ಕೊಟ್ಟುಕಳುಹಿಸಿದಳು.

"ಅದನ್ನ್ಯಾಕ ಕೊಡ್ತಿ?" ಎಂದೆ.

"ಪೆಟಿಗ್ಯಾಗ ಮಲಗಿ ಏನ್ ಮಾಡ್ತೈತ್ರಿ? ಹುಡುಗಿ ದನಿ ಕಾಯ್ಕೊಂಡು ಕುಂದ್ರಲಿ," ಎಂದಳು.

ಮಕ್ಕಳು ಆ ಕೋಣೆಗೆ ಮೈಲಾರದ ಪದ್ಧತಿಯನ್ನೇ ತಂದಿದ್ದರು. ವರ್ಷದ ಭವಿಷ್ಯ ನುಡಿಯುವ ಕಾರಣಿಕದ ಹೊತ್ತಿಗೆ ದೇವರ ಸೇವಕ ಗೊರವಯ್ಯ ಎತ್ತರದ ಬಿಲ್ಲೇರಿ "ಸದ್ದಲೇ!" ಎಂದೊಡನೆ ಸಾವಿರಾರು ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರಲ್ಲವೆ? ಇಲ್ಲಿಯೂ ಯಂತ್ರ ಚಾಲೂ ಮಾಡುವ ಮುಂಚೆ ಯಾರಾದರೊಬ್ಬರು "ಸದ್ದಲೇ!" ಎನ್ನಬೇಕು, ಹೊರಗೆ ಚಹಾ ಸೋಸುವವರೂ ಸೌಟು ಕೆಳಗಿಡಬೇಕು. ಗಂಗಾ ಇದನ್ನು ಹೇಳಿ ನಗುತ್ತಿದ್ದಳು: "ಅಜ್ಜಾ, ಗೊರವಯ್ಯ ಒಂದ ಮಾತಾಡಿ ಬಿಲ್ಲಿಂದ ಬೀಳ್ತಾನ. ನಾನು ದಿನಾ ನೂರು ಮಾತಾಡ್ತೀನಿ, ಒಮ್ಮಿನೂ ಬಿದ್ದಿಲ್ಲ!"

ಅವಳು ಬಿದ್ದಳು.

ಬಸ್ಸಿನ ಆ ಸಂಜೆಯ ಬಳಿಕ ಕೆಮ್ಮು ನಿಲ್ಲಲಿಲ್ಲ. ಮನೆಯಲ್ಲಿದ್ದರೆ ತುಸು ಕಡಿಮೆ, ಕೇಂದ್ರಕ್ಕೆ ಹೋದರೆ ಮತ್ತೆ ಜೋರು. ನಾವು ಅದನ್ನು ಪ್ರಯಾಣದ ದಣಿವೆಂದು ಎಣಿಸಿದೆವು. ಭಾದ್ರಪದದ ಹೊತ್ತಿಗೆ ಅವಳು ನಮ್ಮ ಮನೆಯ ಮೆಟ್ಟಿಲನ್ನು ನಿಂತು ನಿಂತು ಹತ್ತುತ್ತಿದ್ದಳು. ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದೆ. ಕಫದ ಪರೀಕ್ಷೆಯಲ್ಲಿ ಕ್ಷಯವಿಲ್ಲವೆಂದಾಯಿತು. ಆದರೆ ಎದೆಯ ಚಿತ್ರದಲ್ಲಿ ಎರಡೂ ಕಡೆ ಮಂಜು ಕವಿದಂತಿತ್ತು.

ವೈದ್ಯರು ತಾಳ್ಮೆಯವರು. ಬಹಳ ಹೊತ್ತು ವಿಚಾರಿಸಿದರು. "ಮನೆಯಲ್ಲಿ ಪಾರಿವಾಳ ಸಾಕಿದೀರಾ? ಹತ್ತಿ, ಹುಲ್ಲು, ಕಾಳಿನ ಧೂಳಿನಲ್ಲಿ ಕೆಲಸ ಇದೆಯಾ?"

"ಇಲ್ರಿ ಡಾಕ್ಟರ್," ಎಂದಳು ಗಂಗಾ. "ಕಂಪ್ಯೂಟರು, ಮೈಕು. ಧೂಳಾದ್ರ ಮೈಕ್ ಕೆಡತೈತಂತ ಚಪ್ಪಲಿ ಸೈತ ಹೊರಗ ಬಿಡ್ತೀವಿ."

ಅವರು ಬರೆದುಕೊಂಡರು. ಔಷಧ ಕೊಟ್ಟು, ಮನೆಯಲ್ಲೇ ವಿಶ್ರಾಂತಿ ತೆಗೆದುಕೊಳ್ಳಬೇಕೆಂದರು. ಆಮೇಲೆ ನನ್ನೊಬ್ಬನನ್ನೇ ಒಳಗೆ ಕರೆದು, ಕಾರಣ ತಿಳಿಯದಿದ್ದರೆ ಪುಪ್ಪುಸದ ಚೂರು ತೆಗೆದು ಪರೀಕ್ಷಿಸಬೇಕಾದೀತು, ಅದಕ್ಕೆ ದೊಡ್ಡ ಊರಿಗೆ ಹೋಗಬೇಕು, ಕೆಲವು ಬಗೆಯ ರೋಗಗಳಲ್ಲಿ ಪುಪ್ಪುಸ ಮತ್ತೆ ಮೊದಲಿನಂತಾಗುವುದಿಲ್ಲ ಎಂದರು. ಹರಪನಹಳ್ಳಿಯ ಮಾರ್ಗವಾಗಿ ಹಿಂತಿರುಗುವಾಗ ಗಂಗಾ ನನ್ನ ಹೆಗಲಿಗೆ ತಲೆಯಾನಿಸಿ ನಿದ್ರಿಸಿದಳು. ಬಸ್ಸಿನ ಸದ್ದಿನಲ್ಲಿ ಅವಳ ಉಸಿರು ಕೇಳಿಸದೆ ನಾನು ಮೂಗಿನ ಬಳಿ ಬೆರಳು ಹಿಡಿದು ನೋಡಿದೆ. ಮತ್ತೆ ಹಿಡಿದು ನೋಡಿದೆ. ಎದುರಿನ ಸೀಟಿನ ಹೆಂಗಸು ನನ್ನನ್ನು ಗಮನಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಜ್ಜಾ, ನನ್ನ ದನಿ ಹೋಗ್ತೈತೇನು?" ಎಂದು ಅವಳು ಎಚ್ಚರಾದ ಮೇಲೆ ಕೇಳಿದಳು. ಜೀವದ ಮಾತನ್ನು ಅವಳು ಕೇಳಲಿಲ್ಲ. ನಾನು ಕಿಟಕಿಯತ್ತ ಮುಖ ತಿರುಗಿಸಿ, "ಮೈಲಾರಲಿಂಗಾ, ಈ ರೋಗದ ಕಾರಣವನ್ನಾದರೂ ತೋರಿಸು" ಎಂದು ಬೇಡಿದೆ. ಗುಣಪಡಿಸು ಎಂದು ಕೇಳುವ ಧೈರ್ಯವೂ ನನ್ನಲ್ಲಿ ಉಳಿದಿರಲಿಲ್ಲ. ಸಂಶೋಧಕನಾಗಿದ್ದವನ ಬಾಯಿಗೆ ಬಂದದ್ದು ಕಾರಣವನ್ನು ಕೇಳುವ ಮಾತು ಮಾತ್ರ.

ಶಾಂತವ್ವ ಅಂದೇ ಹರಕೆ ಹೊತ್ತಳು: ಮಹಾನವಮಿ ಕಳೆದ ಮೇಲಿನ ಭಾನುವಾರ ಮನೆಯಲ್ಲಿ ಕಂಬಳಿ ಗದ್ದುಗೆ ಹಾಕಿ, ಗೊರವರನ್ನು ಕರೆದು ಅವರ ಮರದ ದೋಣಿಯಲ್ಲಿ ನೈವೇದ್ಯ ತುಂಬಿಸುವುದು. ಅಷ್ಟು ದಿನ ಮನೆಯಲ್ಲೇ ಇದ್ದ ಗಂಗಾಳ ಕೆಮ್ಮು ಇಳಿದಿತ್ತು. ಅವಳು ಕುಳಿತಲ್ಲೇ ಮೆಲುದನಿಯಲ್ಲಿ ಮಾತಾಡುತ್ತಿದ್ದಳು. ಗದ್ದುಗೆಗೆ ಬೇಕಾದ ದೇವರ ಕಂಬಳಿ ಮಾತ್ರ ಕೇಂದ್ರದಲ್ಲಿತ್ತು. ಪ್ರವೀಣ ಅದನ್ನು ಆ ಭಾನುವಾರ ಮುಂಜಾನೆ ಗೋಡೆಯಿಂದ ಇಳಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬೈಕಿನಲ್ಲಿ ತಂದುಕೊಟ್ಟ.

ಗೊರವರು ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಅವರ ಡಮರುಗಗಳು ಇನ್ನೂ ಮಗ್ಗುಲಲ್ಲೇ ಇದ್ದವು. ಹೊರಗೆ ತುಂತುರು. ಗಂಗಾ ದೇವರ ಜಗಲಿಯ ಪಕ್ಕದಲ್ಲಿ ಚಾಪೆಯ ಮೇಲಿದ್ದಳು. ಶಾಂತವ್ವ ಚೀಲ ಬಿಚ್ಚಿ, ಕಂಬಳಿಯನ್ನು ಎರಡೂ ತುದಿ ಹಿಡಿದು ಒಮ್ಮೆ ಜೋರಾಗಿ ಕೊಡವಿದಳು.

ಗಂಗಾ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಆಮೇಲೆ ಕೆಮ್ಮಲು ಬೇಕಾದ ಉಸಿರೂ ಇಲ್ಲವಾಯಿತು. ಎರಡೂ ಕೈಗಳಿಂದ ನೆಲವನ್ನು ಒತ್ತಿ, ಕಣ್ಣಗಲಿಸಿ ನನ್ನನ್ನೇ ನೋಡಿದಳು. ಬಸ್ಸಿನಲ್ಲಿ ಕಂಡ ನೀಲಿಗಿಂತ ಈ ನೀಲಿ ಹೆಚ್ಚು ಗಾಢವಾಗಿತ್ತು.

ಬಂಧುಗಳೇ, ಅಂದಿನ ನನ್ನ ಮನಸ್ಸನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಬೆಲೆಯಿಲ್ಲ. ದೇವರ ಮುಂದೆಯೇ, ದೇವರ ಕಂಬಳಿ ಬಿಚ್ಚಿದಾಗಲೇ, ಮಗು ನೆಲಕ್ಕೊರಗಿತು. ಮೈಲಾರಲಿಂಗ ನಮ್ಮ ಸೇವೆಯನ್ನು ಒಲ್ಲೆನೆಂದನೆ? ಕಾರಣ ಕೇಳಿದ್ದಕ್ಕೆ ಸಿಟ್ಟಾದನೆ? ಶಾಂತವ್ವ ಕಂಬಳಿ ಕೈಬಿಟ್ಟು "ಎಪ್ಪಾ, ಏನ್ ತಪ್ಪು ಮಾಡಿದ್ವೋ!" ಎಂದು ಎದೆ ಬಡಿದುಕೊಂಡಳು. ಪ್ರವೀಣ ಓಡಿಹೋಗಿ ಆಟೊ ತಂದ. ಹಿರಿಯ ಗೊರವಯ್ಯ ಎದ್ದು ನಿಂತು ಹೇಳಿದರು: "ನಡೀರಿ, ನಡೀರಿ. ಗದ್ದಿಗಿ ಚಿಂತಿ ಬ್ಯಾಡ. ಹುಡುಗಿ ಬರೂ ಮಟ ನಾವು ಇಲ್ಲೇ ಕುಂತಿರ್ತೀವಿ. ಅಂವಾ ಕಾಯ್ತಾನ, ನಾವೂ ಕಾಯ್ತೀವಿ."

ಊರಿನ ಆಸ್ಪತ್ರೆಯಲ್ಲಿ ಮುಖಕ್ಕೆ ಹಬೆಯ ಮುಖವಾಡ ಹಾಕಿದರು. ನಾನು ಅವಳ ಪಾದಗಳನ್ನು ಹಿಡಿದು ನಿಂತಿದ್ದೆ, ತಣ್ಣಗಿದ್ದವು. ಎಷ್ಟು ಹೊತ್ತೆಂದು ಹೇಳಲಾರೆ, ನನ್ನ ಬದುಕಿನಲ್ಲಿ ಅಳೆಯದೆ ಬಿಟ್ಟ ಕಾಲ ಅದೊಂದೇ. ಕೊನೆಗೆ ಸೀಟಿಯ ಸದ್ದು ಇಳಿಯಿತು. ಅವಳು ಮುಖವಾಡವನ್ನು ತುಸು ಸರಿಸಿದಳು.

"ಅಜ್ಜಾ," ಎಂದಳು. "ಅದು ನಮ್ಮ ರೂಮಿನ ವಾಸನಿ."

"ಯಾವುದವ್ವಾ?"

"ಕಂಬಳಿದು. ರೂಮಿನ ಬಾಗಿಲು ತೆಗದ ಕೂಡ್ಲೆ ಬರ್ತೈತಲ್ಲ, ಅದ. ಬಸ್ಸಿನ್ಯಾಗ ಉಸಿರು ಸಿಕ್ಕೊಂಡ ದಿನಾನೂ ಅದ ವಾಸನಿ ಮೂಗಿನ್ಯಾಗಿತ್ತು."

ಪ್ರವೀಣ ತಲೆಯ ಮೇಲೆ ಕೈಹೊತ್ತು ಅಲ್ಲಿಯೇ ಬೆಂಚಿನ ಮೇಲೆ ಕುಳಿತ. ಕಂಬಳಿ ಇಳಿಸುವಾಗ ಹಿಂಬದಿಯಲ್ಲಿ ಬೂದುಬಣ್ಣದ ಪುಡಿ ಕಂಡಿತ್ತಂತೆ; ಗೋಡೆಯ ಸುಣ್ಣವೆಂದುಕೊಂಡನಂತೆ.

ದಾವಣಗೆರೆಯ ವೈದ್ಯರಿಗೆ ಫೋನು ಮಾಡಿದೆವು. ಕಂಬಳಿಯ ತುಂಡೊಂದನ್ನು ಚೀಲದಲ್ಲಿ ಕಟ್ಟಿ ತರಲು ಹೇಳಿದರು. ಗಂಗಾಳ ರಕ್ತವನ್ನೂ ಚರ್ಮವನ್ನೂ ಪರೀಕ್ಷಿಸಿದರು. ಪುಡಿ ಸುಣ್ಣವಲ್ಲ, ಬೂಷ್ಟು; ಗಂಗಾಳ ಪುಪ್ಪುಸ ಕೆರಳಿದ್ದು ಅದಕ್ಕೇ. ಹೊಸ ಕಂಬಳಿಗೆ ಬಿಗಿ ಬರಲೆಂದು ಹುಣಸೆಬೀಜದ ಗಂಜಿ ಹಚ್ಚಿರುತ್ತಾರೆ. ಆ ಗಂಜಿಯ ಕಂಬಳಿಗಳು ಮಳೆನೀರು ಇಳಿಯುತ್ತಿದ್ದ ಗೋದಾಮಿನ ಗೋಡೆಗೆ ಅಂಟಿ, ಮುಚ್ಚಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಬೂಷ್ಟು ಹಿಡಿದಿದ್ದವು. ನಡುವೆ ತೂಗಿದ್ದ ದೇವರ ಕಂಬಳಿಗೂ ಅದು ಹಬ್ಬಿತ್ತು. ನಮ್ಮಲ್ಲಿ ಕಂಬಳಿಗೆ ಮೈಲಿಗೆಯಿಲ್ಲ. ಒಗೆಯಬೇಕಿಲ್ಲ, ಮಡಿ ಮಾಡಬೇಕಿಲ್ಲ. ಅದು ತಾನೇ ಶುದ್ಧ. ಹೀಗಾಗಿ ಚಪ್ಪಲಿಯನ್ನು ಹೊರಗೆ ಬಿಡಿಸಿದವರೂ ಕಂಬಳಿಯನ್ನು ಬಿಸಿಲಿಗೆ ಹಾಕಲಿಲ್ಲ, ವೈದ್ಯರು ಧೂಳಿನ ಮಾತೆತ್ತಿದಾಗ ನಮಗಾರಿಗೂ ಅದು ನೆನಪಾಗಲಿಲ್ಲ.

ಇನ್ನು ನೆನಪುಗಳು ಬೇರೆಯಾದ ವಿಷಯ. ಶಾಂತವ್ವ ಭಂಡಾರ ಎರಚಿದ ಮೇಲೆ ಗಂಗಾ ಕೆಮ್ಮಿದಳೆಂದು ನನಗೆ ನೆನಪಿತ್ತು. ಹಾಗಿದ್ದರೆ ಕಾರಣ ಅರಿಶಿನದ ಪುಡಿಯೂ ಆಗಿರಬಹುದಲ್ಲವೆ? ಈ ಸಂದೇಹವನ್ನು ಬಗೆಹರಿಸದೆ ಮುಂದುವರಿಯಲಾರದಾದೆ. ಶಾಂತವ್ವ, "ನಾನಿನ್ನ ತಟ್ಟಿ ಮುಟ್ಟಿದ್ದಿಲ್ರಿ" ಎಂದಳು. ಗೊರವಯ್ಯರನ್ನು ಕೇಳಿದೆ. ಅವರು ನಕ್ಕು, "ಪಂಡಿತ್ರ, ಭಂಡಾರ ಎರಚಿದ್ರ ಏಳುಕೋಟಿ ಅಂತ ನಾವು ಒದರಬೇಕಿತ್ತಲ್ಲ? ಯಾರು ಒದರ್ಯಾರ?" ಎಂದರು. ನಿಜ. ಅಂದು ಮಧ್ಯಾಹ್ನ ಮನೆಗೆ ಮರಳಿದಾಗ ಭಂಡಾರದ ತಟ್ಟೆ ಶಿಖರವಾಗಿ ತುಂಬಿಯೇ ಇದ್ದದ್ದನ್ನು ಪ್ರವೀಣನೂ ನೋಡಿದ್ದ. ತಪ್ಪು ನೆನಪು ನನ್ನದು. ವೈದ್ಯರ ಪರೀಕ್ಷೆಯೂ ಅರಿಶಿನವನ್ನು ದೋಷಮುಕ್ತಗೊಳಿಸಿತು.

ಆ ಭಾನುವಾರ ಮಧ್ಯಾಹ್ನ ನಾವು ಮರಳಿದಾಗ ಗೊರವರು ಮಾತಿನಂತೆ ನೀರನ್ನೂ ಮುಟ್ಟದೆ ಕುಳಿತಿದ್ದರು. ಆಸ್ಪತ್ರೆಯಿಂದ ನಾವು ಫೋನಿನಲ್ಲಿ ಹೇಳಿದಂತೆ ಪಕ್ಕದ ಮನೆಯವರು ಆ ಕಂಬಳಿಯನ್ನು ಹೊರಗೆ ಸಾಗಿಸಿ ಪಡಸಾಲೆಯನ್ನು ಒರೆಸಿದ್ದರು. ಗದ್ದುಗೆಗೆ ಕಂಬಳಿಯೇ ಇಲ್ಲವಲ್ಲ ಎಂದು ಶಾಂತವ್ವ ಅಳತೊಡಗಿದಾಗ, ಹಿರಿಯ ಗೊರವಯ್ಯ ತಮ್ಮ ಹೆಗಲ ಕಂಬಳಿಯನ್ನು ತೆಗೆದು ಹಾಸಿದರು. "ಇದು ದಿನಾ ಬಿಸಲುಂಡ ಕಂಬ್ಳಿ, ತಾಯಿ. ಅಂಜಬ್ಯಾಡ." ಗಂಗಾ ದೂರದಲ್ಲಿ, ಬಾಗಿಲ ಗಾಳಿಗೆ ಕುಳಿತು ನೋಡಿದಳು. ನಾನು ಅವಳ ಎದೆಯನ್ನೇ ನೋಡುತ್ತಿದ್ದೆ. ಅದು ಏರುತ್ತಿತ್ತು, ಇಳಿಯುತ್ತಿತ್ತು.

ಕಾರಣ ಸಿಕ್ಕಿದ್ದರಿಂದ ದೊಡ್ಡ ಊರಿನ ಪ್ರಯಾಣ ರದ್ದಾಯಿತು. ಕೇಂದ್ರದವರು ಕಂಬಳಿಗಳನ್ನೆಲ್ಲ ತೆಗೆದು, ಗೋಡೆಯ ಸೋರಿಕೆ ಮುಚ್ಚಿಸಿ, ತಾಯಂದಿರು ಹೊಲಿದುಕೊಟ್ಟ ಕೌದಿಗಳನ್ನು ತೂಗುಹಾಕಿದರು. ವಾರಕ್ಕೊಮ್ಮೆ ಅವು ಬಿಸಿಲು ಕಾಣುತ್ತವೆ. ಇನ್ನಿಬ್ಬರು ಹುಡುಗಿಯರ ಸಣ್ಣ ಕೆಮ್ಮೂ ನಿಂತಿತು. ಆ ಭಾನುವಾರ ಹಾಗೆ ಆಗದಿದ್ದರೆ ಅವರ ಸರದಿಯೂ ಬರುತ್ತಿತ್ತು.

ಇದು ಕಾಕತಾಳೀಯವೆನ್ನುವವರ ವಾದ ನನಗೆ ತಿಳಿಯದ್ದಲ್ಲ. ನಾನೇ ಅದನ್ನು ಅನೇಕರ ಮುಂದೆ ಮಂಡಿಸಿದವನು. ಈಗ ನನ್ನ ಉತ್ತರ ಇಷ್ಟೇ. ನಾನು ಕಾರಣ ತೋರಿಸೆಂದು ಬೇಡಿದೆ. ವೈದ್ಯರ ಕಣ್ಣಿಗೂ ಯಂತ್ರದ ಕಣ್ಣಿಗೂ ಬೀಳದ ಕಾರಣವನ್ನು ದೇವರು ತನ್ನ ಕಂಬಳಿಯಲ್ಲೇ ಕಟ್ಟಿ, ತನ್ನ ವಾರವಾದ ಭಾನುವಾರದಂದು, ತನ್ನ ಜಗಲಿಯ ಮುಂದೆ ಬಿಚ್ಚಿಸಿದ. ಸಿಟ್ಟೆಂದು ನಾನು ನಡುಗಿದ್ದು ಬೆರಳು ಮಾಡಿ ತೋರಿಸಿದ ಕೃಪೆಯಾಗಿತ್ತು. ಶಾಂತವ್ವ ಹೇಳಿದ್ದಂತೆ ಆ ಕಂಬಳಿ ದನಿಯನ್ನು ಕಾಯ್ದಿತು.

ಎದೆಯ ಚಿತ್ರ ತಿಳಿಯಾದ ಮೇಲೆ, ಮಾಘದಲ್ಲಿ ಗಂಗಾ ಮತ್ತೆ ಮೈಕಿನ ಮುಂದೆ ಕುಳಿತಳು. ಹರಪನಹಳ್ಳಿಯವರು ಕೊಟ್ಟ ಮಾತನ್ನು ಉಳಿಸಿಕೊಂಡು ಕಾದಿದ್ದರು. ಅಲ್ಲಿನ ಕೆಲಸಕ್ಕೆ ಸೇರುವ ಮುನ್ನ ಕೇಂದ್ರದಲ್ಲಿ ಅವಳು ಒಂದು ಕೊನೆಯ ಧ್ವನಿಮುದ್ರಣ ಮುಗಿಸಬೇಕಿತ್ತು. ನನ್ನನ್ನೂ ಕರೆದೊಯ್ದಳು. ಕೌದಿಗಳ ನಡುವೆ, ಮೂಲೆಯ ಸ್ಟೂಲಿನ ಮೇಲೆ ಕೂರಿಸಿ, "ಅಜ್ಜಾ, ಕೆಮ್ಮಬ್ಯಾಡ ಮತ್ತ!" ಎಂದು ಗದರಿಸಿದಳು. ಆ ಕೋಣೆಯ ಬಾಗಿಲು ಮುಚ್ಚಿದ ಸದ್ದಿಗೆ ಹಳೆಯ ಭಯ ಮತ್ತೆ ಎದ್ದಿತು.

ಹೊರಗಿನಿಂದ ಪ್ರವೀಣ ಕೂಗಿದ: "ಸದ್ದಲೇ!"

ಎಲ್ಲವೂ ನಿಂತಿತು. ಗಂಗಾ ಉಸಿರೆಳೆದುಕೊಂಡಳು, ನಾನು ಕೇಳಿದೆ, ಸೀಟಿಯಿಲ್ಲ. ಆಮೇಲೆ ಉದ್ದನೆಯ ಒಂದು ವಾಕ್ಯವನ್ನು ಎಲ್ಲಿಯೂ ತಡೆಯದೆ ತುದಿಮುಟ್ಟಿಸಿದಳು. ಶೇಂಗಾ ಬೀಜೋಪಚಾರದ ವಿಷಯವಾಗಿ ರೈತರಿಗೆ ಹೇಳಿದ ವಾಕ್ಯ ಅದು. ನಾನು ಕೈಮುಗಿದು ಕುಳಿತು ಅದನ್ನು ಕಾರಣಿಕದಂತೆ ಕೇಳಿದೆ.